ಹಿತ್ತಲ ಗಿಡವೂ ಮದ್ದೇ
(ವಿನ್ಯಾಸ ಕಲಿಯುವ ವಿದ್ಯಾರ್ಥಿಗೆ ನಿತ್ಯಜೀವನವೇ ಪಾಠಶಾಲೆ)

'ಹಿತ್ತಲ ಗಿಡ ಮದ್ದಲ್ಲ' ಎಂಬುದು ನಮ್ಮಲ್ಲಿ ಎಲ್ಲರ ಬಾಯಲ್ಲಿರುವ ಗಾದೆ. ಕೈಗೆ ಸುಲಭವಾಗಿ ಸಿಗುವುದಕ್ಕೆ ಬೆಲೆ ಕಡಿಮೆ, ದೂರದಿಂದ ಬಂದದ್ದಕ್ಕೆ ಮರ್ಯಾದೆ ಹೆಚ್ಚು ಎಂಬ ಮನುಷ್ಯ ಸ್ವಭಾವವನ್ನು ನಮ್ಮ ಹಿರಿಯರು ಈ ಮೂರು ಮಾತುಗಳಲ್ಲಿ ಹೇಳಿಬಿಟ್ಟಿದ್ದಾರೆ. ಔಷಧದ ವಿಷಯ ವೈದ್ಯರಿಗೆ ಬಿಟ್ಟದ್ದು. ಆದರೆ ಚಿತ್ರ ಮತ್ತು ವಿನ್ಯಾಸದ ವಿಷಯದಲ್ಲಿ ಈ ಗಾದೆಯನ್ನು ತಿರುಗಿಸಿ ಓದಬೇಕೆಂಬುದೇ ಈ ಲೇಖನದ ಉದ್ದೇಶ.

ವಿದ್ಯಾರ್ಥಿ-ವಿದ್ಯಾರ್ಥಿನಿಯರೇ, ವಿನ್ಯಾಸವೆಂದರೇನು? ಬರಿಯ ಅಲಂಕಾರವೆಂದು ಅನೇಕರು ತಿಳಿದಿದ್ದಾರೆ. ಅದು ಅರ್ಧ ಸತ್ಯ. ಒಂದು ವಸ್ತು ಯಾರಿಗಾಗಿ, ಯಾವ ಕೆಲಸಕ್ಕಾಗಿ, ಯಾವ ಸಾಮಗ್ರಿಯಿಂದ, ಯಾವ ಆಕಾರದಲ್ಲಿ ಆಗಬೇಕೆಂದು ಮೊದಲೇ ಯೋಚಿಸಿ ಗೊತ್ತುಪಡಿಸುವ ವಿದ್ಯೆಯೇ ವಿನ್ಯಾಸ. ನೀವು ಕುಳಿತ ಬೆಂಚು, ಹೆಗಲ ಮೇಲಿನ ಪಾಟಿಚೀಲ, ಅವ್ವನ ಸೀರೆಯ ಅಂಚು, ಅಪ್ಪನ ಕೂರಿಗೆ ಇವೆಲ್ಲವನ್ನೂ ಎಂದೋ ಯಾರೋ ಕುಳಿತು ಯೋಚಿಸಿದ್ದಾರೆ. ಈ ಯೋಚನೆಗೆ ಬೀಜ ಎಲ್ಲಿ ಸಿಗುತ್ತದೆ ಎಂಬುದನ್ನು ಈಗ ನೋಡೋಣ.

ಪರೀಕ್ಷೆಯ ಹಾಳೆಯ ಮುಂದೆ

ನಮ್ಮ ಮಹಾರಾಷ್ಟ್ರದ ಶಾಲೆಗಳಲ್ಲಿ ಎಲಿಮೆಂಟರಿ ಮತ್ತು ಇಂಟರ್‌ಮೀಡಿಯೆಟ್ ಎಂಬ ಎರಡು ಸರಕಾರಿ ಚಿತ್ರಕಲಾ ಪರೀಕ್ಷೆಗಳಿರುವುದು ನಿಮಗೆಲ್ಲ ಗೊತ್ತು. ಅವುಗಳಲ್ಲಿ ಸ್ಥಿರಚಿತ್ರ, ಸ್ಮರಣಚಿತ್ರ, ಸಂಕಲ್ಪಚಿತ್ರ, ಭೂಮಿತಿ ಹಾಗೂ ಅಕ್ಷರಲೇಖನ ಎಂಬ ವಿಷಯಗಳಿವೆ. ಸ್ಥಿರಚಿತ್ರದಲ್ಲಿ ಎದುರಿಗಿಟ್ಟ ವಸ್ತುವನ್ನು ನೋಡಿ ಬರೆಯಬೇಕು. ಸ್ಮರಣಚಿತ್ರದಲ್ಲಿ ಕಂಡ ನೋಟವನ್ನು ನೆನೆದು ಬರೆಯಬೇಕು. ಸಂಕಲ್ಪಚಿತ್ರವೆಂದರೆ ನಾವು ಈಗ ಮಾತಾಡುತ್ತಿರುವ ವಿನ್ಯಾಸವೇ. ಕೊಟ್ಟ ಆಕಾರವನ್ನು ತುಂಬುವ ಆಕೃತಿಗಳನ್ನು ವಿದ್ಯಾರ್ಥಿ ತಾನೇ ಕಟ್ಟಬೇಕು.

ತಂಬಿಗೆಯನ್ನು ಧೈರ್ಯದಿಂದ ಬರೆದ ಹುಡುಗ ಸಂಕಲ್ಪಚಿತ್ರದ ಹಾಳೆಯ ಮುಂದೆ ಪೆನ್ಸಿಲು ಕಚ್ಚುತ್ತ ಕುಳಿತಿರುವುದನ್ನು ಅನೇಕ ವರ್ಷಗಳಿಂದ ನೋಡುತ್ತ ಬಂದಿದ್ದೇನೆ. "ಸರ್, ನಮ್ಮೂರಾಗ ಚಿತ್ರ ತಗಿಯುವಂಥಾದ್ದು ಏನೈತ್ರಿ?" ಎಂದು ಒಬ್ಬ ಹುಡುಗ ಕೇಳಿಯೂಬಿಟ್ಟ. ನಮ್ಮ ಮಕ್ಕಳ ನಿಸರ್ಗಚಿತ್ರಗಳನ್ನು ನೋಡಿದರೆ ಈ ಪ್ರಶ್ನೆಯ ಮೂಲ ತಿಳಿಯುತ್ತದೆ. ಹಿಂದೆ ಎರಡು ಮೊನಚು ಶಿಖರಗಳು, ನಡುವೆ ಸೂರ್ಯ, ಕೆಳಗೆ ತುಂಬಿ ಹರಿಯುವ ಹೊಳೆ, ದಂಡೆಗೆ ತೆಂಗಿನ ಸಾಲು, ಇಳಿಜಾರು ಹಂಚಿನ ಮನೆ! ಜತ್ತ ತಾಲೂಕಿನ ಮಗು ಇಂಥ ಊರನ್ನು ಎಲ್ಲಿ ಕಂಡಿತು? ನಮ್ಮ ಬೋರ ನದಿ ವರ್ಷದ ಬಹುಕಾಲ ಮರಳು ತೋರಿಸುತ್ತ ಮಲಗಿರುತ್ತದೆ. ನಮ್ಮ ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು. ನಮ್ಮ ಗಿಡಗಳು ಬೇವು, ಜಾಲಿ, ಬನ್ನಿ. ಆ ಮಗು ಬರೆದದ್ದು ತಾನು ಕಂಡದ್ದನ್ನಲ್ಲ, ಬೇರೆಯವರು ಬರೆದ ಚಿತ್ರವನ್ನು. ಈಗಂತೂ ಮೊಬೈಲಿನಲ್ಲಿ ಬೆರಳು ತಾಗಿಸಿದರೆ ಸಾವಿರ ಚಿತ್ರಗಳು ಸಿಗುವುದರಿಂದ ಕಣ್ಣಿಗೆ ಇನ್ನಷ್ಟು ಆಲಸ್ಯ ಬಂದಿದೆ.

ಅದೇ ಮಗುವಿನ ಮುಂದೆ ಮಾಡಗ್ಯಾಳದ ಕುರಿಯೊಂದನ್ನು ನಿಲ್ಲಿಸಿ ನೋಡಿ. ಬಿಳಿಯ ಮೈ, ಅದರ ಮೇಲೆ ಕಂದು ಬಣ್ಣದ ಕಲೆ, ಗಿಳಿಯ ಕೊಕ್ಕಿನಂತೆ ಬಾಗಿದ ಮೂಗು. ನಮ್ಮ ತಾಲೂಕಿನ ಹಳ್ಳಿಯ ಹೆಸರನ್ನೇ ಹೊತ್ತ ತಳಿ ಅದು. ಹಣೆಯಿಂದ ಮೂತಿಯವರೆಗೆ ಒಂದೇ ಬಾಗಿನಲ್ಲಿ ಇಳಿಯುವ ಆ ಗೆರೆಯನ್ನು ಎತ್ತಿಕೊಂಡು ಹಿಂದೆ-ಮುಂದೆ ಮಾಡಿ ಜೋಡಿಸಿದರೆ ಎಂಥ ಸೊಗಸಾದ ಅಂಚು ಆದೀತು! ಇದು ಯಾವ ಪುಸ್ತಕದಲ್ಲಿಯೂ ಇಲ್ಲ; ನಮ್ಮ ಸಂತೆಯಲ್ಲಿದೆ.

ಸೆರಗಿನಲ್ಲಿ ಕಂಡ ಸಂಸಾರ

ನಮ್ಮ ಹಿರಿಯರು ಹೀಗೆಯೇ ಮಾಡಿದರು ಎಂಬುದಕ್ಕೆ ಸಾಕ್ಷಿ ಬೇಕಾದರೆ ಮನೆಯ ಟ್ರಂಕು ತೆರೆಯಬೇಕು. ಅದರಲ್ಲಿ ಒಂದಾದರೂ ಇಳಕಲ್ ಸೀರೆ ಇದ್ದೀತು. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಹಾಸಿನ ಎಳೆಗಳಿಗೂ ಸೆರಗಿನ ಎಳೆಗಳಿಗೂ ಕೊಂಡಿ ಹಾಕಿ ಜೋಡಿಸುತ್ತಾರೆ. ಇದಕ್ಕೆ ಕೊಂಡಿ ಪದ್ಧತಿ ಎಂದೇ ಹೆಸರು. ಕೆಂಪು ಸೆರಗಿನ ಮೇಲೆ ಬಿಳಿಯ ಎಳೆಗಳಲ್ಲಿ ವಿನ್ಯಾಸ ಮೂಡುತ್ತದೆ. ಆ ವಿನ್ಯಾಸಗಳು ಯಾವುವು? ಒಂದು ಹಣಿಗೆ, ಅಂದರೆ ದಿನವೂ ತಲೆ ಬಾಚುವ ಹಣಿಗೆಯೇ. ಇನ್ನೊಂದು ಕೋಟೆಯ ಗೋಡೆಯ ನೆತ್ತಿ. ಮತ್ತೊಂದು ತೋಪುತೆನೆ, ಅದರಲ್ಲಿ ಜೋಳದ ತೆನೆಯನ್ನು ಕಾಣುತ್ತಾರೆ. ಇನ್ನೂ ಒಂದು ಗುಡ್ಡಗಳ ಸಾಲು.

ಕನ್ನಡ ಶಿಕ್ಷಕನಾಗಿ ಇಲ್ಲಿ ಒಂದು ಮಾತು ಸೇರಿಸುತ್ತೇನೆ. 'ತೆನೆ' ಎಂಬ ಶಬ್ದಕ್ಕೆ ನಮ್ಮ ಭಾಷೆಯಲ್ಲಿ ಪೈರಿನ ತೆನೆ ಎಂದೂ, ಕೋಟೆಯ ಗೋಡೆಯ ಮೇಲಿನ ಹಲ್ಲಿನಂಥ ಸಾಲು ಎಂದೂ ಎರಡು ಅರ್ಥಗಳಿವೆ. ಹೊಲದ ತೆನೆಗೂ ಕೋಟೆಯ ತೆನೆಗೂ ಆಕಾರದಲ್ಲಿ ಹೋಲಿಕೆ ಕಂಡವರೇ ಒಂದೇ ಮಾತಿನಿಂದ ಎರಡನ್ನೂ ಕರೆದಿದ್ದಾರು. ಭಾಷೆಯೂ ಕಣ್ಣಿಟ್ಟು ನೋಡುತ್ತದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಕುಬಸದ ಬಟ್ಟೆಯಾದ ಗುಳೇದಗುಡ್ಡದ ಖಣವನ್ನು ತೆಗೆದುಕೊಳ್ಳಿ. ಅದರ ವಿನ್ಯಾಸಗಳಲ್ಲಿ ತೇರು, ಆನೆಹೆಜ್ಜೆ ಎಂಬ ಹೆಸರುಗಳಿವೆ. ಧಾರವಾಡ ಭಾಗದ ಕಸೂತಿಯಲ್ಲಿ ಗೋಪುರ, ತೇರು, ಪಲ್ಲಕ್ಕಿ, ತುಳಸಿಕಟ್ಟೆ, ಆನೆ, ನವಿಲು, ಗಿಳಿಗಳು ಬರುತ್ತವೆ. ಕಸೂತಿಯ ಹೊಲಿಗೆಗಳು ನಾಲ್ಕು ಬಗೆ: ಗವಂತಿ, ಮುರ್ಗಿ, ನೇಗಿ, ಮೆಂತಿ. ಗವಂತಿಯಲ್ಲಿ ಗಂಟು ಎಂಬ ಮಾತಿದೆ, ನೇಗಿಯಲ್ಲಿ ನೇಯ್ಗೆಯಿದೆ, ಮೆಂತಿಯಲ್ಲಿ ಅಡಿಗೆಮನೆಯ ಮೆಂತೆಕಾಳಿದೆ! ಹೊಲಿಗೆಗೆ ಹೆಸರಿಡುವಾಗಲೂ ಆ ತಾಯಂದಿರು ದೂರ ಹೋಗಲಿಲ್ಲ. ಸಾಂಬಾರ ಡಬ್ಬಿಯ ಮುಚ್ಚಳ ತೆಗೆದರು, ಅಷ್ಟೇ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಕಸೂತಿ ಹಾಕುವವರು ಬಟ್ಟೆಯ ಮೇಲೆ ಮೊದಲು ಪೆನ್ಸಿಲಿನಿಂದ ಗೆರೆ ಎಳೆಯುವುದಿಲ್ಲ. ಎಳೆಗಳನ್ನು ಎಣಿಸಿಯೇ ಸೂಜಿ ಚುಚ್ಚುತ್ತಾರೆ. ಗವಂತಿ ಮತ್ತು ಮುರ್ಗಿ ಹೊಲಿಗೆಗಳಲ್ಲಿ ಬಟ್ಟೆಯ ಎರಡೂ ಮಗ್ಗುಲು ಒಂದೇ ತರಹ ಕಾಣುತ್ತವೆ. ಹೊಲಿಗೆ ನೇರ, ಅಡ್ಡ ಅಥವಾ ಓರೆಯಾಗಿ ಮಾತ್ರ ಸಾಗುವುದರಿಂದ ದುಂಡನೆಯ ಆನೆ ಅಲ್ಲಿ ಮೆಟ್ಟಿಲು ಮೆಟ್ಟಿಲಾದ ಆನೆಯಾಗುತ್ತದೆ. ಆದರೂ ನೋಡಿದ ಕೂಡಲೆ 'ಆನೆ' ಎನ್ನುತ್ತೇವೆ. ಹೀಗೆ ಕಣ್ಣು ಕಂಡದ್ದನ್ನು ಕೈಯ ಸಾಮಗ್ರಿ ತನ್ನ ನಿಯಮಕ್ಕೆ ತಕ್ಕಂತೆ ಬದಲಿಸುತ್ತದೆ. ಆ ಬದಲಾವಣೆಯಲ್ಲಿಯೇ ವಿನ್ಯಾಸದ ಸೌಂದರ್ಯ ಇದೆ. ನಿಮ್ಮ ಭೂಮಿತಿಯ ತಾಸಿನಲ್ಲಿ ಚೌಕಳಿ ಹಾಳೆಯ ಮೇಲೆ ಕಲಿಯುವ ಸಮಮಿತಿಯೂ, ಅವ್ವ ಅಂಗಳದಲ್ಲಿ ಚುಕ್ಕಿ ಇಟ್ಟು ಹಾಕುವ ರಂಗೋಲಿಯೂ ಇದೇ ಪಾಠವನ್ನು ಹೇಳುತ್ತವೆ.

ತಂಬಿಗೆಯ ಮಹಿಮೆ

ಇದು ಬರಿಯ ಸ್ವದೇಶಾಭಿಮಾನದ ಮಾತೆಂದು ಯಾರೂ ತಿಳಿಯಬಾರದು. ಭಾರತ ಸರಕಾರದ ಆಮಂತ್ರಣದ ಮೇರೆಗೆ ಅಮೆರಿಕದ ಪ್ರಸಿದ್ಧ ವಿನ್ಯಾಸಕಾರರಾದ ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ ದಂಪತಿಗಳು ನಮ್ಮ ದೇಶವನ್ನು ಸುತ್ತಿ ನೋಡಿ, 1958ರಲ್ಲಿ ಒಂದು ವರದಿ ಬರೆದರು. ತಾವು ಇಲ್ಲಿ ಕಂಡು ಮೆಚ್ಚಿದ ವಸ್ತುಗಳಲ್ಲಿ ಅವರು ಅತ್ಯಂತ ಸುಂದರವೆಂದು ಎತ್ತಿ ಹೇಳಿದ್ದು ಯಾವುದನ್ನು? ಅರಮನೆಯ ಆಭರಣವನ್ನಲ್ಲ, ನಮ್ಮ ನೀರಿನ ತಂಬಿಗೆಯನ್ನು! ಅದರಲ್ಲಿ ಎಷ್ಟು ನೀರು ಹಿಡಿಯಬೇಕು, ತಲೆಯ ಮೇಲೆ, ಟೊಂಕದ ಮೇಲೆ, ಕೈಯಲ್ಲಿ ಹೇಗೆ ನಿಲ್ಲಬೇಕು, ತುಂಬಿದಾಗ ಮತ್ತು ಬರಿದಾದಾಗ ತೂಕ ಹೇಗೆ ಸಮನಾಗಬೇಕು, ಕೈಹಾಕಿ ತಿಕ್ಕಿ ತೊಳೆಯಲು ಬಾಯಿ ಎಷ್ಟು ಅಗಲವಿರಬೇಕು, ಸುರಿಯುವಾಗ ನೀರು ಹೇಗೆ ಬೀಳಬೇಕು ಮುಂತಾದ ಎಷ್ಟೋ ಪ್ರಶ್ನೆಗಳಿಗೆ ಆ ಒಂದು ಆಕಾರ ಉತ್ತರ ಕೊಡುತ್ತದೆ ಎಂಬುದು ಅವರ ವಿಚಾರದ ಸಾರ. ಅದನ್ನು ಯಾರೋ ಒಬ್ಬನು ಒಂದು ದಿನ ಕುಳಿತು ರೂಪಿಸಲಿಲ್ಲ. ತಲೆತಲಾಂತರದ ಕೈಗಳು ಸ್ವಲ್ಪ ಸ್ವಲ್ಪವಾಗಿ ತಿದ್ದಿದವು. ಈ ವರದಿಯ ಆಧಾರದ ಮೇಲೆ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪನೆಯಾಯಿತು. ಅಂದರೆ ದೇಶದ ದೊಡ್ಡ ವಿನ್ಯಾಸ ಶಾಲೆಯ ಹುಟ್ಟಿಗೆ ಕಾರಣವಾದ ವರದಿಯಲ್ಲಿ ನಮ್ಮ ಬಚ್ಚಲಮನೆಯ ತಂಬಿಗೆಗೆ ಗೌರವದ ಸ್ಥಾನವಿದೆ.

ನೋಡುವವನಿಗೆ ಕಸದಲ್ಲಿಯೂ ರಸ ಸಿಗುತ್ತದೆ. ಹೊಲದ ಬದುವಿನಲ್ಲಿ ನಡೆದರೆ ಉತ್ತರಾಣಿ ಧೋತರಕ್ಕೆ ಅಂಟಿಕೊಳ್ಳುತ್ತದೆ. ನಾವು ಬೈಯುತ್ತ ಕಿತ್ತೆಸೆಯುತ್ತೇವೆ. 1941ರಲ್ಲಿ ಸ್ವಿಟ್ಜರ್ಲೆಂಡಿನ ಜಾರ್ಜ್ ಡಿ ಮೆಸ್ಟ್ರಲ್ ಎಂಬ ಇಂಜಿನಿಯರನ ಬಟ್ಟೆಗೂ ಅವನ ನಾಯಿಯ ಮೈಗೂ ಇಂಥದೇ ಒಂದು ಅಂಟುಮುಳ್ಳು ಹತ್ತಿತು. ಅವನು ಅದನ್ನು ಎಸೆಯದೆ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದ. ಸಣ್ಣ ಸಣ್ಣ ಕೊಕ್ಕೆಗಳು ಕಂಡವು. ಅನೇಕ ವರ್ಷ ಶ್ರಮಿಸಿ 1955ರಲ್ಲಿ ಪೇಟೆಂಟ್ ಪಡೆದ ಅವನ ವೆಲ್‌ಕ್ರೋ ಪಟ್ಟಿಯೇ ಇಂದು ನಿಮ್ಮ ಬೂಟಿಗೂ ಚೀಲಕ್ಕೂ 'ಚರ್' ಎಂದು ಅಂಟಿಕೊಳ್ಳುತ್ತದೆ.

ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣ್ (1921-2015) ಅವರ ಉದಾಹರಣೆಯೂ ಇದೆ. ಬಾಲ್ಯದಲ್ಲಿ ಅವರು ಕಿಟಕಿಯಿಂದ ಕಾಣುವ ಒಣ ಕಡ್ಡಿ, ಎಲೆ, ಕಟ್ಟಿಗೆ ಒಡೆಯುವ ಆಳು, ಮಾಳಿಗೆಯ ಮೇಲೆ ಕುಳಿತ ಕಾಗೆ ಇವನ್ನೇ ಬರೆಯುತ್ತಿದ್ದರು. ಮುಂಬಯಿಯ ಜೆ. ಜೆ. ಕಲಾಶಾಲೆ ಅವರಿಗೆ ಪ್ರವೇಶ ಕೊಡಲಿಲ್ಲ. ಆದರೆ ಬೀದಿಯಲ್ಲಿ ಕಂಡ ಸಾಮಾನ್ಯ ಮನುಷ್ಯನನ್ನೇ ಅವರು 1951ರಿಂದ ವ್ಯಂಗ್ಯಚಿತ್ರಕ್ಕೆ ತಂದಾಗ ಇಡೀ ದೇಶ ಆ ಚೌಕಳಿ ಕೋಟಿನವನನ್ನು ತನ್ನವನೆಂದುಕೊಂಡಿತು. ಕಾಗೆಯ ಮೇಲಿನ ಅವರ ಪ್ರೀತಿಯಂತೂ ಕೊನೆಯವರೆಗೂ ಹೋಗಲಿಲ್ಲ. ಎಲ್ಲರೂ 'ಹುಶ್' ಎಂದು ಓಡಿಸುವ ಹಕ್ಕಿಯಲ್ಲಿ ಅವರು ಚಿತ್ರ ಕಂಡರು.

ನಕಲು ಬೇರೆ, ಸ್ಫೂರ್ತಿ ಬೇರೆ

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಸುತ್ತಲಿನದನ್ನು ನೋಡಿ ಹಾಗೆಯೇ ಇಳಿಸಿಬಿಟ್ಟರೆ ಅದು ವಿನ್ಯಾಸವಾಗದು. ಕಂಡದ್ದು ವಿನ್ಯಾಸವಾಗಲು ನಾಲ್ಕು ಮೆಟ್ಟಿಲು ಹತ್ತಬೇಕು.

1. ನೋಡುವುದು: ಜೋಳದ ತೆನೆಯನ್ನು ಕೈಯಲ್ಲಿ ಹಿಡಿದು ಕಾಳು ಹೇಗೆ ಕೂಡಿಕೊಂಡಿವೆ, ದಂಟು ಎಲ್ಲಿ ಬಾಗಿದೆ ಎಂದು ನೋಡಬೇಕು.
2. ಬಿಡುವುದು: ಕಂಡದ್ದರಲ್ಲಿ ಬೇಡವಾದದ್ದನ್ನು ಬಿಟ್ಟು ಮುಖ್ಯವಾದ ಎರಡು ಮೂರು ಗೆರೆಗಳನ್ನು ಉಳಿಸಿಕೊಳ್ಳಬೇಕು.
3. ಜೋಡಿಸುವುದು: ಆ ಗೆರೆಗಳನ್ನು ತಿರುಗಿಸಿ, ಮಗ್ಗುಲು ಬದಲಿಸಿ, ಸಾಲು ಹಚ್ಚಿ ನೋಡಬೇಕು.
4. ಒಪ್ಪಿಸುವುದು: ಅದು ಬಟ್ಟೆಗೋ, ಬಾಗಿಲಿಗೋ, ಪುಸ್ತಕದ ಹೊದಿಕೆಗೋ ಎಂದು ವಿಚಾರಿಸಿ ತಕ್ಕ ಅಳತೆ, ಬಣ್ಣ ಕೊಡಬೇಕು.

ಮೊಬೈಲಿನ ಚಿತ್ರವನ್ನು ನಕಲು ಮಾಡುವವನು ಈ ನಾಲ್ಕು ಮೆಟ್ಟಿಲುಗಳಲ್ಲಿ ಒಂದನ್ನೂ ಹತ್ತುವುದಿಲ್ಲ. ಬೇರೆಯವರು ಹತ್ತಿದ ಮಾಳಿಗೆಗೆ ನಿಚ್ಚಣಿಕೆ ಹಚ್ಚುತ್ತಾನೆ. ಮೊಬೈಲು ನೋಡಬಾರದೆಂದು ನಾನು ಹೇಳುವುದಿಲ್ಲ. ಜಗತ್ತಿನ ಉತ್ತಮ ಕೆಲಸವನ್ನು ನೋಡಿ ತಿಳಿಯಲು ಅದು ಒಳ್ಳೆಯ ಸಾಧನ. ಆದರೆ ಮೊದಲು ನಿಮ್ಮ ಕಣ್ಣು, ನಂತರ ಅದು.

ಎರಡು ಲಿಪಿಗಳ ಭಾಗ್ಯ

ಗಡಿಭಾಗದಲ್ಲಿ ಹುಟ್ಟಿದ ನಮಗೆ ಇನ್ನೊಂದು ಭಾಗ್ಯವಿದೆ. ಕನ್ನಡ ತಾಸಿನಲ್ಲಿ ದುಂಡನೆಯ ಅಕ್ಷರ, ಮರಾಠಿ ತಾಸಿನಲ್ಲಿ ಶಿರೋರೇಖೆಯ ಕೆಳಗೆ ಜೋತುಬಿದ್ದ ಅಕ್ಷರ ಎರಡನ್ನೂ ನಮ್ಮ ಮಕ್ಕಳು ಬರೆಯುತ್ತಾರೆ. ಕನ್ನಡದ ಅನೇಕ ಅಕ್ಷರಗಳಿಗೆ ತಮ್ಮದೇ ತಲೆಕಟ್ಟು. ದೇವನಾಗರಿಯಲ್ಲಿ ಇಡೀ ಶಬ್ದಕ್ಕೆ ಒಂದೇ ಗೆರೆ. ಮೊದಲನೆಯದು ಬಿಡಿ ಮಣಿಗಳ ಸರದಂತೆ, ಎರಡನೆಯದು ಹಗ್ಗದ ಮೇಲೆ ಒಣಹಾಕಿದ ಬಟ್ಟೆಗಳ ಸಾಲಿನಂತೆ. ಇದನ್ನು ಹೊರೆಯೆಂದು ಭಾವಿಸುವವರಿದ್ದಾರೆ. ಆದರೆ ಅಕ್ಷರವಿನ್ಯಾಸ ಕಲಿಯುವವನಿಗೆ ಇದು ಸಂಪತ್ತು.

2010ರ ಜುಲೈ 15ರಂದು ಕೇಂದ್ರ ಸರಕಾರ ಅಂಗೀಕರಿಸಿದ ರೂಪಾಯಿಯ ಚಿಹ್ನೆಯನ್ನು ನೋಡಿರಿ. ಮುಂಬಯಿಯ ಐ.ಐ.ಟಿ.ಯಲ್ಲಿ ವಿನ್ಯಾಸ ಅಭ್ಯಸಿಸಿದ ಡಿ. ಉದಯಕುಮಾರ್ ಅವರು ದೇವನಾಗರಿಯ 'ರ' ಅಕ್ಷರವನ್ನೂ ರೋಮನ್ ಲಿಪಿಯ 'ಆರ್' ಅಕ್ಷರವನ್ನೂ ಕೂಡಿಸಿ ಅದನ್ನು ರೂಪಿಸಿದರು. ಮೇಲಿನ ಎರಡು ಅಡ್ಡಗೆರೆಗಳು ನಮ್ಮ ರಾಷ್ಟ್ರಧ್ವಜವನ್ನು ನೆನಪಿಸುತ್ತವೆ. ದಿನವೂ ಪಾಟಿಯ ಮೇಲೆ ಬರೆಯುವ ಅಕ್ಷರದಿಂದ ಒಂದು ದೇಶದ ಹಣದ ಗುರುತು ಹುಟ್ಟಿತು! ನಮ್ಮ ಪೇಟೆಯ ಅಂಗಡಿಗಳ ಮೇಲೆ ಕೈಯಿಂದ ಬರೆದ ಹಳೆಯ ಬೋರ್ಡುಗಳು ಇನ್ನೂ ಅಲ್ಲಲ್ಲಿ ಉಳಿದಿದ್ದರೆ, ಫ್ಲೆಕ್ಸು ಅವನ್ನು ಪೂರಾ ಮುಚ್ಚುವ ಮೊದಲು ಆ ಅಕ್ಷರಗಳನ್ನು ವಹಿಯಲ್ಲಿ ಬರೆದಿಟ್ಟುಕೊಳ್ಳಿರಿ.

ಕೇಳಿ ಉಳಿಸಿಕೊಳ್ಳಬೇಕಾದ ವಿದ್ಯೆ

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಪಟ್ಟಣದಲ್ಲಿ ವಸ್ತ್ರವಿನ್ಯಾಸ ಕಲಿಯುತ್ತಿದ್ದಾಳೆ. ಮೊದಲ ವರ್ಷ ಆಕೆ ಪರದೇಶದ ಪುಸ್ತಕಗಳಿಂದ ಹೂಬಳ್ಳಿಗಳನ್ನು ಆರಿಸಿ ಅಚ್ಚುಕಟ್ಟಾಗಿ ಬರೆದು ಒಪ್ಪಿಸಿದಳು. ಅಲ್ಲಿಯ ಗುರುಗಳು, "ಕೈ ಚೆನ್ನಾಗಿದೆ, ಆದರೆ ಇದರಲ್ಲಿ ನೀನೆಲ್ಲಿದ್ದೀ?" ಎಂದು ಕೇಳಿದರಂತೆ. ದೀಪಾವಳಿ ಸೂಟಿಗೆ ಊರಿಗೆ ಬಂದವಳು ವಹಿ ಹಿಡಿದು ಮನೆಯಲ್ಲೆಲ್ಲ ತಿರುಗಿದಳು. ಹೊರಸಿನ ಹುರಿಯ ಹೆಣಿಕೆ, ಎತ್ತಿನ ಕೊರಳ ಗೊಂಡೆ, ಕಣಕಿಯ ಬಣವಿ, ಮಣ್ಣೆತ್ತಿನ ಅಮವಾಸ್ಯೆಗೆ ತಮ್ಮ ಮಾಡಿದ ಎತ್ತು, ಎಲ್ಲವನ್ನೂ ಬರೆದಳು. ಕೊನೆಗೆ ಆಯಿಯ ಹಳೆಯ ಸೀರೆಯ ಕಸೂತಿ ಕಣ್ಣಿಗೆ ಬಿತ್ತು.

"ಏನ್ ನೋಡ್ತಿ ಅದರಾಗ? ಹಳೇ ಸೀರಿ ಅದು" ಎಂದರು ಆಯಿ.

"ಆಯಿ, ಈ ತೇರು ಎಷ್ಟು ಎಳಿ ಎಣಿಸಿ ಹಾಕಿದ್ದಿ?"

ಆಯಿಗೆ ಬಾಯಿಂದ ಹೇಳಲು ಬರಲಿಲ್ಲ. ಕಣ್ಣು ಮಂಜಾಗಿವೆ; ಸೂಜಿ ಪೋಣಿಸುವುದೂ ಆಗದು. ಆದರೆ ಮೊಮ್ಮಗಳು ಸೂಜಿಗೆ ದಾರ ಹಾಕಿ ಕೈಗೆ ಕೊಟ್ಟಾಗ ಬೆರಳುಗಳು ತಾವಾಗಿ ಎಳೆಗಳನ್ನು ಮುಟ್ಟಿ ಎಣಿಸತೊಡಗಿದವು. ಮೂರು ದಿನ ಪಕ್ಕದಲ್ಲಿ ಕುಳಿತು ಆ ಹುಡುಗಿ ಚೌಕಳಿ ಹಾಳೆಯ ಮೇಲೆ ಆ ತೇರನ್ನು ಇಳಿಸಿಕೊಂಡಳು. ಆ ವಹಿಯನ್ನು ಆಕೆ ನನಗೆ ತೋರಿಸಿದಳು. ತೇರಿನ ಕಳಸದ ಹತ್ತಿರ ಎರಡು ಎಳೆಗಳ ಲೆಕ್ಕ ಖಾಲಿ ಉಳಿದಿತ್ತು. ಅಲ್ಲಿ ಸೀರೆ ಹರಿದಿದೆ, ಆಯಿಗೂ ನೆನಪಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ಆ ಖಾಲಿ ಜಾಗವನ್ನು ಗಮನಿಸಿರಿ. ಪುಸ್ತಕದಲ್ಲಿದ್ದ ವಿದ್ಯೆ ನಾಳೆಯೂ ಸಿಗುತ್ತದೆ. ಬೆರಳಲ್ಲಿದ್ದ ವಿದ್ಯೆ ಕೇಳದಿದ್ದರೆ ಬೆರಳಿನೊಂದಿಗೇ ಹೋಗುತ್ತದೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಕೂಡಿಸಿ ನಮ್ಮ ತಾಯಂದಿರು ಹೊಲಿಯುವ ಕೌದಿಯನ್ನೇ ನೋಡಿರಿ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಇಂಥ ಕೌದಿಗಳು ದೇಶ-ವಿದೇಶಗಳ ಪ್ರದರ್ಶನಗಳಲ್ಲಿ ಮೆಚ್ಚುಗೆ ಪಡೆದಿವೆ. ಮೂಲೆಗಳಿಗೆ ಅವರು 'ಫೂಲ' ಎಂಬ ಬಟ್ಟೆಯ ಹೂವನ್ನು ಇಡುತ್ತಾರೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಅಪೂರ್ಣ. ನಮ್ಮ ಮನೆಯ ಕೌದಿ ಮಾತ್ರ ಅತಿಥಿಗಳು ಬಂದಾಗ ಅಟ್ಟ ಸೇರುತ್ತದೆ!

ಪಾಲಕರಿಗೆ ಎರಡು ಮಾತು

"ಚಿತ್ರ ಬರದ್ರ ಹೊಟ್ಟಿ ತುಂಬತೈತೇನ್ರಿ?" ಎಂದು ಪಾಲಕರು ಕೇಳುವುದು ತಪ್ಪಲ್ಲ. ಮಳೆಯನ್ನು ನಂಬಿ ಬದುಕಿದ ತಾಲೂಕಿನಲ್ಲಿ ಈ ಪ್ರಶ್ನೆ ಸಹಜ. ಚಿತ್ರ ಬರೆಯುವ ಪ್ರತಿಯೊಂದು ಮಗುವೂ ವಿನ್ಯಾಸಕಾರನಾಗುತ್ತಾನೆಂದು ನಾನು ಆಸೆ ಹುಟ್ಟಿಸಲಾರೆ. ಆದರೆ ದಾರಿ ಇರುವುದನ್ನು ತಿಳಿದಿರಬೇಕು. ಹನ್ನೆರಡನೆಯ ಇಯತ್ತೆಯ ನಂತರ ವಿಜ್ಞಾನ, ವಾಣಿಜ್ಯ, ಕಲಾ ಯಾವ ಶಾಖೆಯ ವಿದ್ಯಾರ್ಥಿಯೂ ವಿನ್ಯಾಸದ ಪದವಿಗೆ ಪ್ರಯತ್ನಿಸಬಹುದು. ಅಹಮದಾಬಾದಿನ ಸಂಸ್ಥೆಗೆ ಅದರದೇ ಪ್ರವೇಶ ಪರೀಕ್ಷೆ ಇದೆ, ಐ.ಐ.ಟಿ.ಗಳಲ್ಲಿಯ ವಿನ್ಯಾಸ ಪದವಿಗೆ ಮುಂಬಯಿಯ ಐ.ಐ.ಟಿ. ನಡೆಸುವ ಯುಸೀಡ್ ಎಂಬ ಪರೀಕ್ಷೆ ಇದೆ. ಯುಸೀಡ್ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿರುವುದರಿಂದ ಕನ್ನಡ ಮಾಧ್ಯಮದ ನಮ್ಮ ಮಕ್ಕಳು ಎಂಟನೆಯ ಇಯತ್ತೆಯಿಂದಲೇ ಇಂಗ್ಲಿಷನ್ನು ಶ್ರದ್ಧೆಯಿಂದ ಓದಬೇಕು. ಆದರೆ ಈ ಪರೀಕ್ಷೆಗಳು ಅಳೆಯುವ ಮುಖ್ಯ ಗುಣ ನೋಡುವ ಶಕ್ತಿ, ಯೋಚಿಸುವ ಶಕ್ತಿ. ಅದಕ್ಕೆ ಮಾಧ್ಯಮದ ಹಂಗಿಲ್ಲ.

ಆ ದಾರಿಗೆ ಹೋಗದ ಮಗುವಿಗೂ ಈ ಅಭ್ಯಾಸ ನಷ್ಟವಲ್ಲ. ನೋಡಿ ಕೆಲಸ ಮಾಡುವ ಬಡಿಗನ ಬಾಗಿಲು ಸರಿಯಾಗಿ ಕೂಡುತ್ತದೆ. ಸಿಂಪಿಗನ ಅಂಗಿ ಮೈಗೆ ಒಪ್ಪುತ್ತದೆ. ಒಕ್ಕಲಿಗನ ಬದು ನೀರು ನಿಲ್ಲಿಸುತ್ತದೆ. ಆದ್ದರಿಂದ ಮಗು ಅಂಗಳದಲ್ಲಿ ಕುಳಿತು ಕಾಗೆಯನ್ನು ನೋಡುತ್ತಿದ್ದರೆ 'ಖಾಲಿ ಕುಂತಾನ' ಎಂದು ಗದರಿಸಬೇಡಿರಿ. ಒಂದು ವಹಿ, ಒಂದು ಪೆನ್ಸಿಲು ಕೊಡಿರಿ. ಹಳೆಯ ಸೀರೆ, ಕೌದಿಗಳನ್ನು ಪಾತ್ರೆಗೆ ಬದಲಿಕೊಡುವ ಮೊದಲು ಮಕ್ಕಳಿಗೊಮ್ಮೆ ಬಿಚ್ಚಿ ತೋರಿಸಿರಿ.

ಅಭ್ಯಾಸ

1. ಅಡಿಗೆಮನೆಯ ಒಂದು ವಸ್ತುವನ್ನು ಮೂರು ಕಡೆಯಿಂದ ನೋಡಿ ಬರೆಯಿರಿ. ಅದರ ಆಕಾರ ಹಾಗೇಕೆ ಇದೆ ಎಂದು ಐದು ವಾಕ್ಯಗಳಲ್ಲಿ ಹೇಳಿರಿ.
2. ಮನೆಯಲ್ಲಿರುವ ಸೀರೆ, ಖಣಗಳ ವಿನ್ಯಾಸದ ಹೆಸರುಗಳನ್ನು ಹಿರಿಯರಿಂದ ಕೇಳಿ ಪಟ್ಟಿ ಮಾಡಿರಿ.
3. ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆಗೆ ಹೋದಾಗ ಕಂಡ ಐದು ಆಕೃತಿಗಳನ್ನು ಅದೇ ದಿನ ರಾತ್ರಿ ನೆನೆದು ಬರೆಯಿರಿ.
4. ಬೇವಿನ ಎಲೆಯಿಂದ ಎರಡು ಗೆರೆಗಳನ್ನು ಮಾತ್ರ ಆರಿಸಿಕೊಂಡು ಕರವಸ್ತ್ರಕ್ಕೆ ಅಂಚು ಕಟ್ಟಿರಿ.
5. ನಿಮ್ಮ ಹೆಸರನ್ನು ಕನ್ನಡ ಮತ್ತು ಮರಾಠಿ ಲಿಪಿಗಳಲ್ಲಿ ಬರೆದು, ಎರಡೂ ಒಂದೇ ಕುಟುಂಬದವೆಂದು ಕಾಣುವಂತೆ ತಿದ್ದಿರಿ.

ಇವನ್ನು ಮಾಡಿ ತಂದವರ ವಹಿಯನ್ನು ನೋಡಲು ನನಗೆ ಸಂತೋಷ. ಅಂಕಗಳಿಲ್ಲ, ಬಹುಮಾನವಿಲ್ಲ. ಆದರೆ ಮುಂದಿನ ಸಲ ಸಂಕಲ್ಪಚಿತ್ರದ ಹಾಳೆ ಕೈಗೆ ಬಂದಾಗ ನಿಮ್ಮ ಪೆನ್ಸಿಲು ತಡೆಯಲಾರದು ಎಂದು ಭರವಸೆ ಕೊಡಬಲ್ಲೆ. ಹಿತ್ತಲ ಗಿಡದ ಗುಣ ಅರಿಯಬೇಕಾದರೆ ಮೊದಲು ಹಿತ್ತಲಿಗೆ ಹೋಗಬೇಕು. ಹೋಗಿ ಬನ್ನಿರಿ, ನಿಮಗೆಲ್ಲ ಶುಭವಾಗಲಿ.

— ಕನ್ನಡ ಶಿಕ್ಷಕ